ಹಳದಿ ವೈರಿನ ಕಳ್ಳ

ಮಲಕಪ್ಪನ ಮೇಲೆ ನನಗೆ ಅನುಮಾನ ಬಂದದ್ದು ಸುಮ್ಮನೆ ಅಲ್ಲ. ಇಳಕಲ್ಲಿನ ಸಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವನು ನಾನು; ತಪ್ಪು ಎಲ್ಲಾಯಿತು ಎಂದು ಹುಡುಕದೆ ಬಿಡುವವನಲ್ಲ. ನಮ್ಮ ಹಳೆಯ ಡಬ್ಬಾ ಟಿವಿ ದಸರೆಗೆ ಮೊದಲು ಎಂಟು ದಿನ ಕಮತಗಿಯ ಅವನ ರಿಪೇರಿ ಅಂಗಡಿಯಲ್ಲಿತ್ತು. ಈಗ ಡಿವಿಡಿ ಹಾಕಿದರೆ ಧ್ವನಿ ಬರುತ್ತದೆ, ಚಿತ್ರ ಇಲ್ಲ. ಹಿಂದಿನ ಸ್ಕ್ರೂಗಳ ಮೇಲೆ ಹೊಸ ಗೀರು ಬೇರೆ. ಒಳಗಿನ ಒಳ್ಳೆಯ ಸಾಮಾನು ತೆಗೆದು ಯಾರದೋ ಟಿವಿಗೆ ಹಾಕಿದ್ದಾನೆ, ಮತ್ತೇನು?

ಬೇರೆ ದಿನವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅಂದು ತಂಗಿ ಗೌತಮಿ ಧಾರವಾಡದಿಂದ ಬಂದಿದ್ದಳು, ಅವ್ವನನ್ನು ನೋಡಲಿಕ್ಕೆ. ಅವ್ವ ಹೋಗಿ ಆರು ವರ್ಷ. ನಡೆದಾಡುವ, ಮಾತಾಡುವ ಅವ್ವ ಉಳಿದಿದ್ದು ಗೌತಮಿಯ ಮದುವೆಯ ಆ ಒಂದು ಡಿಸ್ಕಿನಲ್ಲಿ ಮಾತ್ರ. ಕಪ್ಪು ಪರದೆಯೊಳಗಿಂದ ಅವ್ವ ಯಾರನ್ನೋ ಕರೆದದ್ದು ಕೇಳಿಸಿತು, ಗೌತಮಿ ಅಳತೊಡಗಿದಳು. ಡಿಸ್ಕ್ ನಿಲ್ಲಿಸಿ, ಚಿತ್ರ ಬರುತ್ತಿಲ್ಲ, ಬಾ ಎಂದು ಮಲಕಪ್ಪನಿಗೆ ಫೋನ್ ಮಾಡಿದೆ.

"ಕೊಡೋಮುಂದ ಚಿತ್ರ ಛಲೋ ಬರ್ತಿತ್ತ್ರಿ ಸರ," ಎಂದ, ಹೊಸ್ತಿಲು ದಾಟುತ್ತಲೇ.

ನಾನಿನ್ನೂ ಅವನನ್ನು ದೂರಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ!

"ಖರೆ ಹೇಳು. ಒಳಗಿನ ಪಾರ್ಟ್ ಯಾರಿಗೆ ಮಾರ್ದಿ?"

"ಪಂಢರಿ ಅಣ್ಣಾ!" ಎಂದಳು ಗೌತಮಿ. ಮಲಕಪ್ಪನ ಮುಖ ಸಣ್ಣದಾಯಿತು. ಆದರೂ ಟಿವಿಯ ಹಿಂದೆ ಹೋಗಿ ಕುಳಿತ. ಚಿತ್ರ ತರುವುದು ಹಳದಿ ವೈರು. ಅದನ್ನು ಬಿಚ್ಚಿ, ಧ್ವನಿಯ ಬಿಳಿ ವೈರನ್ನು ಅದರ ಜಾಗಕ್ಕೆ ಹಾಕಿ ನೋಡಿದ. ಆಗಲೂ ಚಿತ್ರ ಇಲ್ಲ. ವೈರು ಬೇರೆ ಹಾಕಿದರೂ ಬರಲಿಲ್ಲವೆಂದರೆ ದೋಷ ಟಿವಿಯಲ್ಲೇ ಅಲ್ಲವೇ? ನಾನು ಗೆದ್ದವನಂತೆ ಗೌತಮಿಯ ಕಡೆ ನೋಡಿದೆ.

ಮಲಕಪ್ಪ ಟಿವಿಯಲ್ಲಿ ಆ ವೈರು ಸಿಕ್ಕಿಸುವ ಹಳದಿ ತೂತಿಗೆ ಟಾರ್ಚಿನ ಬೆಳಕು ಬಿಟ್ಟು, ಒಳಗೆ ಸೂಜಿ ಆಡಿಸಿದ. ಒಣಗಿದ ಹೆಂಟೆಯೊಂದು ಅಂಗೈಗೆ ಉದುರಿತು. ಮೂಸಿ ನೋಡಿದ.

"ಅರಿಷಿಣ ಐತ್ರಿ ಸರ. ಯಾರ್ ಹಚ್ಚಿದ್ರಿ ಇದನ್ನ?"

ದಸರೆಯ ಖಂಡೇ ಪೂಜೆಯ ದಿನ, ಆಯುಧಗಳ ಜೊತೆ ಟಿವಿಯನ್ನೂ ಪೂಜಿಸುವಾಗ, ವೈರು ಬಿಚ್ಚಿ, ಒರೆಸಿ, ಒಂದು ತೂತೂ ಪೂಜೆಯಿಲ್ಲದೆ ಉಳಿಯಬಾರದೆಂದು ಅರಿಷಿಣ ಹಚ್ಚಿದವನು ನಾನೇ. ಮೊದಲು ಹಳದಿ ತೂತಿಗೆ, ಬೆರಳ ತುಂಬ. ಉಳಿದ ಎರಡಕ್ಕೆ ಬರೀ ಒಂದು ಗೆರೆ. ಹಳದಿಯೊಳಗಿನ ಹಳದಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮಲಕಪ್ಪ ತೂತನ್ನು ಸ್ಪಿರಿಟಿನಿಂದ ಒರೆಸಿ ಹಳದಿ ವೈರು ಸಿಕ್ಕಿಸಿದ. ಪರದೆಯ ಮೇಲೆ ಅವ್ವ ಬಂದಳು. ಮಂಟಪದ ಪಕ್ಕ ನಿಂತು, ಸೊಂಟದ ಕೀಲಿಗೊಂಚಲು ಬಿಚ್ಚಿ, ಲೈಟಿನ ವೈರು ಎಳೆಯುತ್ತಿದ್ದ ಹರೆಯದ ಮಲಕಪ್ಪನ ಕೈಗಿಟ್ಟಳು.

"ಮನಿ ಕೀಲಿ ನಿನ್ನ ಕಡೆ ಇರ್ಲಿ ತಮ್ಮಾ. ನಮ್ಮ ಪಂಢರಿಗೆ ಕೊಟ್ರ ತಾನ ಎಲ್ಲ್ಯಾರ ಇಟ್ಟು, ಮಂದಿನ್ನ ಕಳ್ಳರಂತಾನ."

ಗೌತಮಿ ಅಳುತ್ತಲೇ ನಕ್ಕಳು. ನನಗೆ ನೆಲ ನೋಡುವಷ್ಟು ನಾಚಿಕೆಯಾಯಿತು. "ತಪ್ಪಾತೋ ಮಲಕಪ್ಪ," ಎಂದೆ.

"ಅವ್ವಾರ್ನ ಇನ್ನೊಮ್ಮೆ ನೋಡೂಣ್ರಿ ಸರ," ಎಂದು ಅವನು ಡಿಸ್ಕನ್ನು ಹಿಂದಕ್ಕೆ ಓಡಿಸಿದ.