ಹುಲ್ಲು ಪಂಡಿತರು

ಟೈಲರಮ್ಮನ ಯಜಮಾನರು ವಿಮೆ ಏಜೆಂಟರಾಗಿದ್ದವರು. ನಿವೃತ್ತರಾದ ಮೇಲೆ ಮಾತಿಗೆ ಸಿಗುವವರೇ ಇಲ್ಲದಂತಾಗಿ, ನರ್ಸರಿಯಿಂದ ಅಲಂಕಾರದ ಹುಲ್ಲು ತಂದು ಗೇಟಿನ ಪಕ್ಕ ನೆಟ್ಟರು. ಸೆಕೆ ಬಂದರೆ ಆಳೆತ್ತರ ಬೆಳೆದು ಬೆಳ್ಳಿ ಕುಚ್ಚಿನಂಥ ತೆನೆ ಬಿಡುವ, ವರ್ಷಗಟ್ಟಲೆ ಬದುಕುವ ಜಾತಿ. ಬೆಳೆದದ್ದು ಹುಲ್ಲು, ಬೀಗಿದ್ದು ಇವರು. ದಾರಿಹೋಕರನ್ನೆಲ್ಲ ನಿಲ್ಲಿಸಿ ಬೇರು, ಬಿಸಿಲು ಅಂತ ತಲೆ ತಿನ್ನತೊಡಗಿದರು.

ಚಳಿ ಬಿತ್ತು. ಹುಲ್ಲು ಒಣಗಿ ಕಂದು ಬಣ್ಣಕ್ಕೆ ತಿರುಗಿತು. ಯಜಮಾನರು ನೀರು ಸುರಿದರು, ಗೊಬ್ಬರ ಸುರಿದರು, ಕೊನೆಗೆ ಕಂಬಳಿ ಹೊದಿಸಿದರು. ಹೆಂಡತಿಗೆ ಮಂಡಿ ಹಿಡಿದುಕೊಂಡಾಗ ಆ ಕಂಬಳಿ ಅವರ ನೆನಪಿಗೇ ಬಂದಿರಲಿಲ್ಲ.

“ಕತ್ತರಿಸಿ ಬಿಸಾಕಿ ಅತ್ಲಾಗೆ” ಅಂದಳು ಟೈಲರಮ್ಮ.

“ಮಗು ಮಲಗಿದೆ ಕಣೇ, ಮುಟ್ಟಬೇಡ!”

ಚಳಿ ಕಳೆಯುತ್ತಿದ್ದಾಗ ಒಂದು ದಿನ, ಹೊಸ ರೇಷ್ಮೆ ಉಡುಪು ತೊಟ್ಟು ಹೊರಟ ಗಿರಾಕಿಯ ಬಟ್ಟೆಯಂಚು ಆ ಒಣ ಗರಿಗೆ ಸಿಕ್ಕಿ ಪರ್ರನೆ ಹರಿಯಿತು. ಯಜಮಾನರು ಹುಲ್ಲಿಗೆ ಔಷಧಿ ತರಲು ಹೋಗಿದ್ದರು. ಟೈಲರಮ್ಮ ಕಾಗದಕ್ಕೂ ತಾಗಿಸದ ಬಟ್ಟೆ ಕತ್ತರಿ ಹಿಡಿದು ಬಂದು, ಗೇಣುದ್ದ ಬಿಟ್ಟು ಮಿಕ್ಕಿದ್ದನ್ನೆಲ್ಲ ಕಚಕಚ ಸವರಿದಳು.

ಯಜಮಾನರು ಬಂದು ನೋಡಿ ಊಟ ಬಿಟ್ಟರು, ಮಾತು ಬಿಟ್ಟರು. ಊಟವನ್ನು ಮಾತ್ರ ಅವತ್ತೇ ರಾತ್ರಿ ಮತ್ತೆ ಶುರುಮಾಡಿದರು.

ಸೆಕೆ ಏರಿದ್ದೇ ಬುಡದಿಂದ ಹಸಿರು ನುಗ್ಗಿತು, ಹೋದ ವರ್ಷದ ಎರಡರಷ್ಟು. ಯಜಮಾನರ ಮಾತೂ ನುಗ್ಗಿತು. “ಸಕಾಲಕ್ಕೆ ಸವರಬೇಕು ಸ್ವಾಮಿ. ಅದಕ್ಕೆ ಗುಂಡಿಗೆ ಬೇಕು!” ತೋಟದ ಕ್ಲಬ್ಬಿನವರು ಕರೆದು ಭಾಷಣ ಮಾಡಿಸಿದರು. ಟೈಲರಮ್ಮ ಹಿಂದಿನ ಸಾಲಿನಲ್ಲಿ ಕೂತು ಗುಂಡಿ ಹೊಲಿಯುತ್ತ ಎಲ್ಲ ಕೇಳಿಸಿಕೊಂಡಳು.

ಕ್ಲಬ್ಬಿನ ಅಧ್ಯಕ್ಷೆಯ ಮನೆಯಲ್ಲೂ ಅದೇ ಹುಲ್ಲು ತೆನೆ ತುಂಬಿ ನಿಂತಿತ್ತು. ಮಗಳ ಮದುವೆ ಫೋಟೋಗೆ ಹಿನ್ನೆಲೆ ಅದೇ ಅಂತ ನಿಶ್ಚಯವಾಗಿತ್ತು. “ಒಣಗಿದ ಗರಿ ತೆಗೆದುಕೊಡ್ತೀರಾ?” ಅಂತ ಪಂಡಿತರನ್ನು ಕರೆಸಿ, ಆಕೆ ಚಹಾ ತರಲು ಒಳಗೆ ಹೋದಳು. ಬರುವಷ್ಟರಲ್ಲಿ ಹುಲ್ಲೆಲ್ಲ ಬೋಳು.

“ಇದ್ಯಾರು ಹೇಳಿಕೊಟ್ಟಿದ್ದು ನಿಮಗೆ?”

ಭಾಷಣದ ಗುಂಡಿಗೆ ಎಲ್ಲಿ ಹೋಯಿತೋ! “ನಮ್ಮವಳದೇ ಪದ್ಧತಿ ಮೇಡಂ. ನಮ್ಮನೇದನ್ನ ಕತ್ತರಿಸಿದ್ದೂ ಅವಳೇ.”

ಆಕೆ ನೇರ ಟೈಲರಮ್ಮನ ಮುಂದೆ ಬಂದು ನಿಂತಳು. “ನಿಜಾನಾ? ಏನು ನಿಮ್ಮ ಪದ್ಧತಿ?”

“ಪದ್ಧತಿ ಗಿದ್ಧತಿ ಏನಿಲ್ಲ ಮೇಡಂ. ಸಿಟ್ಟು ಬಂದಿತ್ತು. ಇವರು ಮನೇಲಿರಲಿಲ್ಲ.”

ಸಿಡುಕಿಕೊಂಡೇ ಬಂದಿದ್ದ ಅಧ್ಯಕ್ಷೆ ಕುರ್ಚಿ ಹಿಡಿದುಕೊಂಡು ನಕ್ಕುಬಿಟ್ಟಳು. ಫೋಟೋ ಟೈಲರಮ್ಮನ ಗೇಟಿನ ಹತ್ತಿರ ತೆಗೆಸುವುದೆಂದಾಯಿತು. ಆ ದಿನ ಯಜಮಾನರು ಮದುಮಗನನ್ನೇ ಹಿಡಿದುಕೊಂಡು ಬೇರಿನ ವಿಷಯ ಶುರುಮಾಡಿದರು. “ಸ್ವಲ್ಪ ಪಕ್ಕಕ್ಕೆ ಬನ್ನಿ ಸಾರ್” ಅಂತ ಫೋಟೋದವನು ಗೋಗರೆದು ಸೋತ ಮೇಲೆ, ಟೈಲರಮ್ಮನೇ ಬಂದು ತೋಳು ಹಿಡಿದು ಅವರನ್ನು ಒಳಗೆ ಎಳೆದುಕೊಂಡು ಹೋದಳು.