ಅತ್ತೆಯ ಅಳತೆಯ ಸ್ಕೀ

ಹನ್ನೆರಡನೇ ಸಲ ನೀರು ಕುಡಿದು ದಡ ಹತ್ತಿದ ದಿನ ನಮ್ಮತ್ತೆ ದಡದಲ್ಲಿದ್ದ ಯಾರ ಹತ್ತಿರವೂ ಮಾತಾಡಲಿಲ್ಲ. ಎರವಲು ತಂದ ಸ್ಕೀಯನ್ನು ದೋಣಿಕಟ್ಟೆಯ ಗೋಡೆಗೆ ಒರಗಿಸಿದರು, ಟವೆಲ್ಲಿನಲ್ಲಿ ಕಿವಿ ಒರೆಸಿಕೊಂಡರು, ಕಾರಿನಲ್ಲಿ ಹೋಗಿ ಕೂತರು. ಹನ್ನೊಂದು ವರ್ಷದಿಂದ ಅವರ ಜೊತೆ ಒಂದೇ ಮನೆಯಲ್ಲಿದ್ದೀನಿ. ಅವರು ಬೈದರೆ ನನಗೆ ಭಯವಿಲ್ಲ. ಸುಮ್ಮನಾದರೆ ಭಯ.

ನಾನು ಊರಾಚೆಯ ದೊಡ್ಡ ಕೆರೆಯ ಸ್ಕೀ ಕ್ಲಬ್ಬಿನಲ್ಲಿ ದೋಣಿ ಓಡಿಸುವವಳು. ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಹಿಂದೆ ಹಗ್ಗ ಹಿಡಿದವರನ್ನು ನೀರಿನ ಮೇಲೆ ಎಳೆದುಕೊಂಡು ಹೋಗುವುದೇ ಕೆಲಸ. ಅತ್ತೆ ಸೀಟು ಹೊಲಿಯುವವರು. ಸೋಫಾ, ಕಾರು, ಬಸ್ಸು, ಯಾವುದರ ಸೀಟು ಹರಿದರೂ ಅವರ ಅಂಗಡಿಗೇ ಬರುತ್ತೆ. ಹೋದ ವರ್ಷ ನಮ್ಮ ದೋಣಿಯ ಸೀಟಿಗೆ ಅಳತೆ ತೆಗೆಯಲು ಬಂದವರು, ಕೆಲಸ ಮುಗಿದ ಮೇಲೆ ಟೇಪು ಸುತ್ತುತ್ತಾ, "ಒಂದು ಸುತ್ತು ನನ್ನನ್ನೂ ಎಳಿಯೇ" ಅಂದರು. ನಾನು ತಮಾಷೆ ಅಂದುಕೊಂಡೆ. ಬೇಸಿಗೆ ಮುಗಿಯುವ ಹೊತ್ತಿಗೆ ಎರಡು ಸ್ಕೀಗಳ ಮೇಲೆ ನಿಂತು ಕೆರೆಯ ಈ ತುದಿಯಿಂದ ಆ ತುದಿಗೆ ಹೋಗಿಬರುತ್ತಿದ್ದರು. ಐವತ್ತೆಂಟು ವರ್ಷ, ಎಪ್ಪತ್ತೆಂಟು ಕಿಲೋ. ನನ್ನ ಗಂಡನಿಗೆ, ಅಂದರೆ ಅವರ ಮಗನಿಗೆ, ನೀರು ಕಂಡರೆ ಮಾರು ದೂರ. ದಡದಲ್ಲಿ ಕೂತು ನಮ್ಮ ಬ್ಯಾಗು ಕಾಯುವುದು ಅವನ ಪಾಲಿನ ಕ್ರೀಡೆ.

ಈ ವರ್ಷ ಅತ್ತೆಗೆ ಸ್ಲಾಲಮ್ ಹುಚ್ಚು ಹಿಡಿಯಿತು. ಸ್ಲಾಲಮ್ ಅಂದರೆ ಒಂಟಿ ಸ್ಕೀ. ಎರಡು ಪಾದವನ್ನೂ ಒಂದರ ಹಿಂದೊಂದು ಒಂದೇ ಹಲಗೆಯ ಮೇಲಿಟ್ಟು, ನೀರಿನಲ್ಲಿ ತೇಲುತ್ತಿರುವ ಚೆಂಡುಗಳನ್ನು ಸುತ್ತಿ ಬಳಸಿಕೊಂಡು ಹಾವಿನ ಹಾಗೆ ಹೊರಳಿ ಹೊರಳಿ ಹೋಗಬೇಕು. ಆದರೆ ಚೆಂಡಿನ ಮಾತು ಆಮೇಲೆ. ಮೊದಲು ನೀರಿನಿಂದ ಏಳಬೇಕಲ್ಲ, ಅತ್ತೆಗೆ ಅದೇ ಆಗುತ್ತಿರಲಿಲ್ಲ. ಕ್ಲಬ್ಬಿನ ಕಾರ್ಯದರ್ಶಿ ತಾವು ಹಿಂದೆ ಪಂದ್ಯಗಳಲ್ಲಿ ಬಳಸುತ್ತಿದ್ದ ಸ್ಕೀಯನ್ನು ಕೊಟ್ಟಿದ್ದರು. ಒಳ್ಳೆಯ ಮನುಷ್ಯ, ಕೊಡುಗೈ. ಆದರೆ ವಿಚಾರಣೆಗೆ ಮುಂಚೆಯೇ ತೀರ್ಪು ಕೊಡುವ ಅಭ್ಯಾಸ. ಆ ದಿನ ನನ್ನನ್ನು ಪಕ್ಕಕ್ಕೆ ಕರೆದು, "ಈ ವಯಸ್ಸಲ್ಲಿ ಎರಡರ ಮೇಲೆ ನಿಂತಿದ್ದೇ ದೊಡ್ಡದು. ನೀನಾದರೂ ಹೇಳಮ್ಮ ಅವರಿಗೆ" ಅಂದರು.

ನಾನು ಕಾರಿಗೆ ಬಂದು ಕೂತೆ. ಅರ್ಧ ದಾರಿಯಾದ ಮೇಲೆ ಬಾಯಿ ಬಿಟ್ಟೆ. "ತಪ್ಪು ನಿಮ್ಮದಲ್ಲ ಅತ್ತೆ. ಆ ಸ್ಕೀದು."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ."

"ಒಂದೊಂದು ಸಲ ನೆಲ ನಿಜವಾಗಲೂ ಡೊಂಕಿರುತ್ತೆ."

ಅವರು ಕಿಟಕಿಯಾಚೆ ನೋಡಿದರು. ಮನೆ ಹತ್ತಿರ ಬಂದಾಗ, "ಶನಿವಾರ ಸ್ಕೀ ಅಂಗಡಿಗೆ ಹೋಗೋಣ. ನೋಡೋಕೇನು ದುಡ್ಡು ಕೊಡಬೇಕಾ" ಅಂದರು.

ಅಂಗಡಿ ಒಂದು ಹಳೆಯ ಗೋದಾಮು. ಗೋಡೆ ತುಂಬಾ ಸ್ಕೀಗಳನ್ನು ಮೀನು ಒಣಹಾಕಿದ ಹಾಗೆ ಸಾಲಾಗಿ ತೂಗುಹಾಕಿದ್ದರು. ಅಂಗಡಿಯಾತ ಒಂದು ಕಾಲದಲ್ಲಿ ಸ್ಪರ್ಧೆಗಳಲ್ಲಿ ಇಳಿಯುತ್ತಿದ್ದವನಂತೆ. ಈಗ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಕುಂಟುತ್ತಾ ಓಡಾಡುತ್ತಿದ್ದ. ನನ್ನನ್ನು ನೋಡಿ, "ನಿಮಗಾ?" ಅಂದ.

"ನನಗೆ" ಅಂದರು ಅತ್ತೆ.

ಅವನು ನಗಲಿಲ್ಲ. ಅಲ್ಲಿಂದಲೇ ನನಗೆ ಅವನ ಮೇಲೆ ವಿಶ್ವಾಸ ಬಂತು.

ನನ್ನ ಕಣ್ಣು ಮಾತ್ರ ಬೇರೆ ಕಡೆಗಿತ್ತು. ಮಧ್ಯದ ಗೂಟದಲ್ಲಿ ಅಪ್ಪಟ ಕಾರ್ಬನ್ ಫೈಬರಿನ ಕಪ್ಪು ಸ್ಕೀ ಒಂದಿತ್ತು. ಬೆರಳಲ್ಲಿ ಎತ್ತಬಹುದು, ಅಷ್ಟು ಹಗುರ. ಬೆಲೆ ನನ್ನ ಎರಡು ತಿಂಗಳ ಸಂಬಳ. ಅತ್ತೆಗೆ ಅದನ್ನೇ ಕೊಡಿಸಬೇಕು ಅಂತ ನಾನು ಚಳಿಗಾಲದಿಂದ ಗುಟ್ಟಾಗಿ ಕೂಡಿಟ್ಟಿದ್ದೆ. ನಾನು ಅದನ್ನು ಕೆಳಗಿಳಿಸಿದೆ.

ಅತ್ತೆ ಅದರ ಬೆಲೆಚೀಟಿ ತಿರುಗಿಸಿ ನೋಡಿದರು. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು."

"ಎರಡು ಕಾಲಿಗೂ ಸೇರಿ ಇರೋದು ಒಂದೇ ಹಲಗೆ. ಸ್ವಲ್ಪ ಜಾಸ್ತಿ ಚಾಚಿದರೂ ನಡೆಯುತ್ತೆ. ದುಡ್ಡು ನಾನು ಕೊಡ್ತೀನಿ."

"ಬೆಲೆ ಆಮೇಲೆ ನೋಡೋಣ" ಅಂದ ಅಂಗಡಿಯಾತ. "ಅಮ್ಮ, ತೂಕ ಎಷ್ಟು?" ಅತ್ತೆ ಹೇಳಿದರು. "ದೋಣಿ ಎಷ್ಟು ವೇಗದಲ್ಲಿ ಎಳೆಯುತ್ತೆ?" ಅದನ್ನು ನಾನು ಹೇಳಿದೆ. "ಒಂಟಿ ಸ್ಕೀ ಮೇಲೆ ಇದುವರೆಗೂ ಎಷ್ಟು ಸಲ ಎದ್ದಿದ್ದೀರಿ?"

"ಏನೋ, ನಾಲ್ಕೈದು ಸಲ" ಅಂದರು ಅತ್ತೆ.

ನಾನು ಗೋಡೆ ನೋಡಿದೆ. ಅತ್ತೆ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವನು ತಲೆಯಾಡಿಸಿ ಎರಡನೇ ಸಾಲಿನಿಂದ ಒಂದು ಸ್ಕೀ ತೆಗೆದ. ಮಧ್ಯೆ ತೆಳ್ಳಗೆ, ಬಾಲ ಚೂಪು, ಅಡಿಭಾಗ ಬಾಳೆಹಣ್ಣಿನಂತೆ ಬಾಗಿತ್ತು. "ಎದ್ದು ಅಭ್ಯಾಸ ಇರೋರಿಗೆ ಇದು ಚೆನ್ನ. ಬೇಗ ತಿರುಗುತ್ತೆ."

ಅತ್ತೆ ಅದನ್ನು ಕೈಗೆ ತಗೊಂಡು ಅಂಚನ್ನು ಹೆಬ್ಬೆರಳಲ್ಲಿ ಸವರಿದರು. ಚರ್ಮದ ಹಾಳೆ ಪರೀಕ್ಷಿಸುವಾಗಲೂ ಹಾಗೇ ಮಾಡುತ್ತಾರೆ. ಆಮೇಲೆ ಸ್ಕೀಯನ್ನು ಮೇಜಿನ ಮೇಲಿಟ್ಟರು.

"ಇಲ್ಲಪ್ಪ. ಅಳತೆ ತಪ್ಪು ಹೇಳಿದೆ" ಅಂದರು. "ನನ್ನ ಅಂಗಡಿಗೂ ಬರ್ತಾರೆ ಇಂಥವರು. ಸೋಫಾ ಆರಡಿ ಅಂತಾರೆ, ಹೋಗಿ ನೋಡಿದರೆ ಐದೂವರೆ. ಸುಳ್ಳು ಅಳತೆಗೆ ಹೊಲಿದರೆ ಹೊಲಿದವಳ ಹೆಸರೇ ಕೆಡೋದು. ನಾನು ಒಂದು ಸಲವೂ ಎದ್ದಿಲ್ಲ. ಹನ್ನೆರಡು ಸಲ ಬಿದ್ದಿದ್ದೀನಿ."

ಅವರ ಕಿವಿ ಕೆಂಪಾಗಿತ್ತು. ಹನ್ನೆರಡು ಸಲ ಮುಳುಗಿದ್ದಕ್ಕಿಂತ ಆ ಒಂದು ಮಾತಿಗೆ ಹೆಚ್ಚು ಗಟ್ಟಿ ಎದೆ ಬೇಕಾಗಿತ್ತು ಅಂತ ನನಗೆ ಅನಿಸಿತು.

"ಯಾವ ಸ್ಕೀ ಮೇಲೆ ಬಿದ್ದಿರಿ?" ಅಂಗಡಿಯಾತ ಕೇಳಿದ. ಕಾರ್ಯದರ್ಶಿಯ ಸ್ಕೀಯನ್ನು ನಾನು ವಿವರಿಸಿದೆ. ಅವನು ಹಣೆ ಉಜ್ಜಿಕೊಂಡ. "ಅದು ಓಡೋ ಕುದುರೆ. ಹತ್ತೋಕೇ ಬಿಡಲ್ಲ. ಅದರ ಮೇಲೆ ಎಡಗಾಲು ಮುಂದಾ, ಬಲಗಾಲಾ?"

"ಎಡಗಾಲು. ಅದರಲ್ಲಿ ಬೂಟು ಹಾಗೇ ಕೂಡಿಸಿದ್ದಾರೆ" ಅಂದೆ.

"ಅಮ್ಮ, ಗೋಡೆ ಕಡೆ ಮುಖ ಮಾಡಿ ನೇರ ನಿಂತ್ಕೊಳ್ಳಿ. ಸೊಸೆಯವರೇ, ನೀವು ಹಿಂದಿನಿಂದ ಮೆಲ್ಲಗೆ ನೂಕಿ. ಹೇಳದೆ ನೂಕಬೇಕು."

"ಹನ್ನೊಂದು ವರ್ಷದಿಂದ ಕಾಯ್ತಿದ್ದೆ ಈ ಅವಕಾಶಕ್ಕೆ" ಅಂದೆ. ಅತ್ತೆ, "ಮನೆಗೆ ಬಾ, ಹೇಳ್ತೀನಿ" ಅನ್ನುತ್ತಿರುವಾಗಲೇ ನೂಕಿದೆ. ಬೀಳದಿರಲು ಅವರು ಮುಂದಿಟ್ಟದ್ದು ಬಲಗಾಲು. ಮತ್ತೆ ನೂಕಿದೆ, ಮತ್ತೆ ಬಲಗಾಲೇ. ಮೂರನೇ ಸಲವೂ ಅದೇ. ನಾಲ್ಕನೇ ಸಲ ನೂಕಲು ಕಾರಣವಿರಲಿಲ್ಲ. ಆದರೂ ನೂಕಿದೆ.

"ನಿಮ್ಮದು ಬಲಗಾಲು ಮುಂದೆ" ಅಂದ ಅವನು. "ಇಷ್ಟು ದಿನ ಎಡಗೈಯಲ್ಲಿ ಸೂಜಿ ಹಿಡಿದು ಹೊಲಿದ ಹಾಗಾಯ್ತು."

ಅತ್ತೆ ನನ್ನ ಮುಖ ನೋಡಿದರು. ಅಂದರೆ ನೆಲ ಎರಡು ಕಡೆಯಿಂದಲೂ ಡೊಂಕಾಗಿತ್ತು.

ಅವನು ಒಳಗೆ ಹೋಗಿ ತಂದದ್ದು ಹೋದ ವರ್ಷದ ಸರಕು. ಅರವತ್ತೆಂಟು ಇಂಚು ಉದ್ದ, ಮುಂಭಾಗ ಅಗಲ, ಅಡಿಭಾಗ ಹೆಚ್ಚುಕಡಿಮೆ ಚಪ್ಪಟೆ. ಬಣ್ಣ ಮಾತ್ರ ಹಣ್ಣಾದ ಟೊಮೇಟೊದ್ದು, ಅದಕ್ಕೇ ಯಾರೂ ತಗೊಂಡಿರಲಿಲ್ಲವಂತೆ. "ಅಗಲ ಇದ್ದರೆ ನೀರು ಬೇಗ ಎತ್ತಿ ಕೊಡುತ್ತೆ, ದೋಣಿ ನಿಧಾನ ಹೋದರೂ ಮುಳುಗಲ್ಲ. ಚಪ್ಪಟೆ ಇದ್ದರೆ ಕಾಲಿಗೆ ಆಯಾಸ ಕಮ್ಮಿ. ಕಾರ್ಬನ್ ಹಗುರ ನಿಜ, ಆದರೆ ಗಟ್ಟಿ. ಸಣ್ಣ ತಪ್ಪನ್ನೂ ಕ್ಷಮಿಸಲ್ಲ. ಇದು ಕ್ಷಮಿಸುತ್ತೆ. ಹಿಂದಿನ ಕಾಲಿಗೆ ಬರೀ ಪಟ್ಟಿ ಹಾಕಿಕೊಡ್ತೀನಿ, ಬಿದ್ದರೆ ಕಾಲು ಸುಲಭವಾಗಿ ಬಿಚ್ಚಿಕೊಳ್ಳುತ್ತೆ." ಬೆಲೆ ಕಪ್ಪು ಸ್ಕೀಯದರಲ್ಲಿ ಮೂರನೇ ಒಂದು ಭಾಗ.

ನನಗೆ ಮನಸ್ಸು ಒಪ್ಪಲಿಲ್ಲ. "ಎರಡು ವರ್ಷ ಆದ ಮೇಲೆ ಆ ಕಪ್ಪು ಸ್ಕೀ ಬೇಕಾಗಲ್ವಾ?"

"ಎರಡು ವರ್ಷ ಆದ ಮೇಲೆ ಎರಡು ವರ್ಷದ ಅಳತೆ ತೆಗೆಯೋಣ" ಅಂದರು ಅತ್ತೆ. ದುಡ್ಡನ್ನು ತಾವೇ ಕೊಟ್ಟರು. ನನ್ನ ಗುಟ್ಟಿನ ದುಡ್ಡಿನಲ್ಲಿ ಹೊಸ ಲೈಫ್ ಜಾಕೆಟ್ ಒಂದಕ್ಕೆ ಮಾತ್ರ ಒಪ್ಪಿದರು.

ಭಾನುವಾರ ಬೆಳಿಗ್ಗೆ ಏಳಕ್ಕೆ ಕೆರೆ ಇಸ್ತ್ರಿ ಮಾಡಿದ ಬಟ್ಟೆಯಂತಿತ್ತು. ದೋಣಿಯಲ್ಲಿ ಹಿಂದಕ್ಕೆ ಮುಖ ಮಾಡಿ ಒಬ್ಬರು ಕೂತು, ಸ್ಕೀ ಮಾಡುವವರನ್ನು ನೋಡುತ್ತಿರಬೇಕು ಅನ್ನುವುದು ನಿಯಮ. ಆ ದಿನ ಅಲ್ಲಿ ಕೂತವರು ಕಾರ್ಯದರ್ಶಿ. ಟೊಮೇಟೊ ಬಣ್ಣ ನೋಡಿ ಹುಬ್ಬೇರಿಸಿದರು.

ಮೊದಲ ಸಲ ಅತ್ತೆ ಅರ್ಧ ಎದ್ದು ಪಕ್ಕಕ್ಕೆ ಉರುಳಿದರು. ಎರಡನೇ ಸಲ ಹಗ್ಗವನ್ನು ಎದೆಗೆ ಎಳೆದುಕೊಂಡು ಹಿಂದಕ್ಕೆ ಬಿದ್ದರು. ನಾನು ದೋಣಿ ತಿರುಗಿಸಿ ಹತ್ತಿರ ತಂದೆ.

"ಕೈ ಮಡಚಬೇಡಿ ಅತ್ತೆ. ಮೊಣಕಾಲು ಎದೆಗೆ ಇರಲಿ. ನೀವು ಏಳಬೇಡಿ, ದೋಣಿ ಎಬ್ಬಿಸಲಿ."

"ನಿನ್ನ ದೋಣಿಗೆ ಹೇಳು, ಅವಸರ ಬೇಡ ಅಂತ."

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು. "ಹದಿನಾಲ್ಕಾಯಿತು. ಇವತ್ತಿಗೆ ಸಾಕು ಅನಿಸುತ್ತೆ ನನಗೆ."

"ನನಗನಿಸಲ್ಲ" ಅಂದೆ. ಇಷ್ಟು ವರ್ಷದ ಕೆಲಸದಲ್ಲಿ ಅವರಿಗೆ ನಾನು ಎದುರಾಡಿದ್ದು ಅದೇ ಮೊದಲು.

ಹಗ್ಗ ಬಿಗಿಯಾಯಿತು. ನಾನು ಗೇರಿನ ಹಿಡಿಯನ್ನು ಹಾಲು ಉಕ್ಕದಂತೆ ಕಾಯುವಷ್ಟು ನಿಧಾನವಾಗಿ ಮುಂದೊತ್ತಿದೆ. ಕನ್ನಡಿಯಲ್ಲಿ ಮೊದಲು ಬಿಳಿ ನೊರೆ ಕಂಡಿತು. ನೊರೆಯೊಳಗೆ ಕೆಂಪು ಮೂತಿ. ಅದು ಅತ್ತಿತ್ತ ಅದುರಿತು, ಅಡ್ಡವಾಯಿತು, ನೆಟ್ಟಗಾಯಿತು. ಆಮೇಲೆ ಮೊಣಕಾಲು, ಸೊಂಟ, ಹೊಸ ಜಾಕೆಟ್ಟು. ಆಮೇಲೆ ನಮ್ಮತ್ತೆ, ಪೂರ್ತಿ ನಮ್ಮತ್ತೆ, ಕೆರೆಯ ಮೇಲೆ ನಿಂತಿದ್ದರು.

ಕಾರ್ಯದರ್ಶಿ ಸೀಟಿನಿಂದ ಎದ್ದರು. ದೋಣಿ ಓಡುವಾಗ ಏಳಬಾರದು ಅನ್ನುವ ಬೋರ್ಡು ಬರೆಸಿದ್ದು ಅವರೇ. "ನಿಂತರು" ಅಂದರು, ನನಗೆ ಕಾಣುತ್ತಿಲ್ಲವೇನೋ ಅನ್ನುವಂತೆ. "ನಿಂತೇಬಿಟ್ಟರಲ್ಲ."

ಕಣ್ಣು ಮಂಜಾದರೆ ದೋಣಿ ಓಡಿಸುವವಳಿಗೆ ಕಷ್ಟ, ಅದಕ್ಕೇ ತುಟಿ ಕಚ್ಚಿ ನೇರ ಓಡಿಸಿದೆ. ದಡದಲ್ಲಿ ನನ್ನ ಗಂಡ ಬ್ಯಾಗು ಬಿಟ್ಟು ಮೊಣಕಾಲುದ್ದ ನೀರಿಗೆ ಇಳಿದಿದ್ದ. ಅತ್ತೆ ಕೆರೆಯ ತುದಿಗೆ ಹೋಗಿ, ದೊಡ್ಡ ತಿರುವಿನಲ್ಲೂ ಬೀಳದೆ ವಾಪಸು ಬಂದರು. ಕಟ್ಟೆ ಹತ್ತಿರವಾದಾಗ ಹಗ್ಗ ಬಿಡುತ್ತಾರೆ ಅಂದುಕೊಂಡೆ. ಅವರು ಒಂದು ಕೈ ಬಿಟ್ಟು ಹೆಬ್ಬೆರಳು ಮೇಲೆತ್ತಿದರು. ಇನ್ನೂ ಜೋರಾಗಿ ಹೋಗು ಅನ್ನುವ ಸನ್ನೆ.

ಆ ಬೆಳಿಗ್ಗೆ ಮೂರು ಸುತ್ತು ಹೊಡೆದರು. ಮೂರನೆಯದರಲ್ಲಿ ದೋಣಿಯ ಅಲೆ ದಾಟಿ ಆಚೆ ಹೋಗಿ, ಈಚೆ ಬಂದರು. ಅಷ್ಟಾದ ಮೇಲೆ ತಾವೇ ಹಗ್ಗ ಬಿಟ್ಟು ನಿಧಾನವಾಗಿ ನೀರಿಗಿಳಿದು, "ತೋಳು ಬಿದ್ದುಹೋಯ್ತು, ಮೇಲೆತ್ತಿಕೊಳ್ಳೇ" ಅಂದರು. ಕಾರ್ಯದರ್ಶಿ ನನಗಿಂತ ಮೊದಲು ಕೈ ಚಾಚಿದರು. "ನಾನು ಹೇಳಿದ್ದು ತಪ್ಪಾಯ್ತಮ್ಮ" ಅಂದರು. "ಇರಲಿ ಬಿಡಿ, ನಿಮ್ಮ ಸ್ಕೀನೂ ಅದನ್ನೇ ಹೇಳ್ತಿತ್ತು" ಅಂದರು ಅತ್ತೆ.

ಬೇಸಿಗೆಯ ಕೊನೆಗೆ ಕ್ಲಬ್ಬಿನವರು ಹೊಸಬರ ಪಂದ್ಯ ಇಟ್ಟರು. ಹತ್ತಿರ ಹತ್ತಿರ ತೇಲಿಬಿಟ್ಟ ಆರು ಚೆಂಡು, ಏಳು ಜನ ಸ್ಪರ್ಧಿಗಳು, ಅತ್ತೆಯನ್ನು ಬಿಟ್ಟು ಉಳಿದವರೆಲ್ಲ ನನ್ನ ವಯಸ್ಸಿನ ಒಳಗಿನವರು. ಅಲ್ಲಿಯವರೆಗೆ ಯಾರೂ ಮೂರಕ್ಕಿಂತ ಹೆಚ್ಚು ಸುತ್ತಿರಲಿಲ್ಲ. ಕೊನೆಗೆ ಇಳಿದವರು ಅತ್ತೆ. ಮೊದಲನೆಯದನ್ನು ಬಳಸಿದಾಗ ಕಟ್ಟೆ ಮೇಲಿನವರು ಮಾತು ನಿಲ್ಲಿಸಿದರು. ಎರಡಾಯಿತು. ಮೂರನೆಯದರಲ್ಲಿ ಸ್ಕೀ ಎಬ್ಬಿಸಿದ ನೀರು ಗೋಡೆಯಂತೆ ಎದ್ದು ಬಿತ್ತು. ನಾಲ್ಕನೇ ಚೆಂಡನ್ನು ಮೊಣಕೈ ಸೋಕುವಷ್ಟು ಹತ್ತಿರದಿಂದ ಬಳಸಿದರು, ಐದರ ಮುಂದೆ ಮುಗ್ಗರಿಸಿ ದೊಡ್ಡದಾಗಿ ಬಿದ್ದರು.

ನಾನು ದೋಣಿ ತಿರುಗಿಸಿ ಹತ್ತಿರ ಹೋದಾಗ ಕೂದಲೆಲ್ಲ ಮುಖಕ್ಕೆ ಅಂಟಿತ್ತು, ನಗು ಕಿವಿ ಮುಟ್ಟಿತ್ತು.

"ಎಷ್ಟಾಯ್ತೇ?"

"ನಾಲ್ಕು, ಅತ್ತೆ. ನೀವೇ ಮೊದಲು."

ಅವರು ನೀರಲ್ಲಿ ಮಲಗಿಕೊಂಡೇ ಎರಡು ಕೈಯನ್ನೂ ಆಕಾಶಕ್ಕೆ ಎತ್ತಿದರು. ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತಿದ್ದರು.