ನೀಲಿಗೈಯವಳ ಮತ

ಸುಕರ್ಸಿಯ ಗುರುತಿನ ಚೀಟಿ ಸರಿಯಿತ್ತು, ಪಟ್ಟಿಯಲ್ಲಿ ಹೆಸರಿತ್ತು, ಮುಖವಂತೂ ಊರಿಗೇ ಗೊತ್ತಿತ್ತು. ಸರಿಯಿಲ್ಲದ್ದು ಬೆರಳು. ಊರಮುಖ್ಯನ ಚುನಾವಣೆಯಲ್ಲಿ ಮತ ಹಾಕಿದವರು ನೀಲಿ ಶಾಯಿಯಲ್ಲಿ ಬೆರಳದ್ದಿ ಹೊರಬರಬೇಕು. ನೀಲಿ ಬೆರಳಿನವರು ಮತ್ತೆ ಒಳಗೆ ಹೋಗುವಂತಿಲ್ಲ. ಸುಕರ್ಸಿಗೆ ಹತ್ತೂ ಬೆರಳು ನೀಲಿ. ಬಾತಿಕ್ ಬಟ್ಟೆಗೆ ನೀಲಿ ಹಾಕುವ ಉಳಿದ ಹೆಂಗಸರೆಲ್ಲ ಕೈಗವಸು ತೊಡುತ್ತಿದ್ದರು. ಬಣ್ಣದ ಹದ ಬರಿಗೈಗೇ ತಿಳಿಯಬೇಕು ಅನ್ನುವ ಹಟ ಇವಳೊಬ್ಬಳದು.

"ಆಗ್ಲೇ ಹಾಕಿದೀರಿ ಅಂತಾರಕ್ಕ," ಎಂದ ಮತಗಟ್ಟೆಯ ಮುಖ್ಯಸ್ಥ ದರ್ಸೊನೊ. ಪಕ್ಕದ ಮನೆಯವನೇ.

"ನಿನ್ನ ಮದುವೆ ಬಟ್ಟೆಗೆ ಬಣ್ಣ ಹಾಕಿದ್ದೂ ಇದೇ ಕೈ. ಆವತ್ತೂ ಮತ ಹಾಕ್ಬಂದಿದ್ನಾ? ಪಟ್ಟೀಲಿ ನನ್ನ ಸಹಿ ಇದೆಯಾ ನೋಡು."

ಸಾಲಿನಲ್ಲಿ ನಗು ಎದ್ದಿತು. ಹಾಲಿ ಊರಮುಖ್ಯನ ಏಜೆಂಟ್ ಪರ್ಮಿನ್ ಮಾತ್ರ ನಗಲಿಲ್ಲ. "ಬೇರೆ ಮತಗಟ್ಟೇಲಿ ಹಾಕಿರಬಹುದಲ್ಲ? ನಿಯಮ ಅಂದ್ರೆ ನಿಯಮ. ತೊಳ್ಕೊಂಡು ಬನ್ನಿ."

ಊರಮುಖ್ಯ ಮತ್ತೆ ಗೆದ್ದರೆ ಬಣ್ಣದವರು ಬಟ್ಟೆ ಜಾಲಿಸುವ ಕೊಳ ಮುಚ್ಚಿ, ಅಲ್ಲಿ ಪ್ರವಾಸಿಗರ ಬಸ್ಸಿಗೆ ನಿಲ್ದಾಣ ಮಾಡುತ್ತಾನೆ. ಅದನ್ನು ತಡೆಯಲೆಂದೇ ಸುಕರ್ಸಿ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಕೆಬಾಯ ರವಿಕೆ ತೊಟ್ಟು ಬಂದಿದ್ದಳು. ಮನೆಗೆ ಹೋಗಿ ನಿಂಬೆ, ಬೂದಿ ಹಾಕಿ ತಿಕ್ಕಿದಳು. ಚರ್ಮ ಸುಲಿಯಿತು, ನೀಲಿ ಹೋಗಲಿಲ್ಲ. ಊರಿನ ಕಳ್ಳರನ್ನೆಲ್ಲ ಬಿಟ್ಟು ಇವರಿಗೆ ಸಿಕ್ಕಿದ್ದು ತಾನೇ ಎಂದು ಸಿಟ್ಟು ನೆತ್ತಿಗೇರಿತು.

ಅಷ್ಟರಲ್ಲಿ ದರ್ಸೊನೊ ಏದುಸಿರು ಬಿಡುತ್ತಾ ಹಿತ್ತಲಿಗೆ ಬಂದ. "ಪರ್ಮಿನ್ ಮೊಣಕೈ ತಗಲಿ ಶಾಯಿ ಎಲ್ಲಾ ಚೆಲ್ಲೋಯ್ತಕ್ಕ, ಮತದಾನ ನಿಂತಿದೆ. ಒಂದು ಬಟ್ಟಲು ನಿಮ್ಮ ಬಣ್ಣ ಕೊಡಿ."

"ಕೊಟ್ರೆ ನನ್ನ ಒಳಗೆ ಬಿಡ್ತೀಯಾ?"

ಅವನು ನೆಲ ನೋಡಿದ. "ಪರ್ಮಿನ್ ತಕರಾರು ಬರ್ಕೊಡ್ತಾನೆ. ಇಡೀ ಮತಗಟ್ಟೆ ರದ್ದಾಗುತ್ತೆ."

"ಹಾಗಾದ್ರೆ ಉಗುಳಲ್ಲಿ ಅದ್ದಿಸು, ಹೋಗು."

"ನಿಮ್ಮ ಬಣ್ಣದವರೇ ಇನ್ನೂ ಸಾಲಲ್ಲಿದಾರೆ ಅಕ್ಕ."

ಹಂಡೆಯನ್ನೇ ಅವನ ತಲೆಗೆ ಸುರಿಯುವಷ್ಟು ಕೋಪ ಬಂತು. ಆದರೆ ಕೊಳದ ಪರವಾಗಿ ಬೀಳುವ ಮತಗಳೆಲ್ಲ ಆ ಸಾಲಿನಲ್ಲೇ ನಿಂತಿದ್ದವು. ಹಂಡೆಯಿಂದ ಬಟ್ಟಲು ತುಂಬಿ ತಾನೇ ಒಯ್ದು ಮೇಜಿನ ಮೇಲಿಟ್ಟಳು.

ಒಬ್ಬೊಬ್ಬರೂ ಅವಳ ಬಣ್ಣದಲ್ಲಿ ಬೆರಳದ್ದಿ ಹೊರಬಂದರು. ಸುಕರ್ಸಿ ಬೇಲಿಯಾಚೆ ನಿಂತು ನೋಡಿದಳು. ಕೊನೆಗೆ ಪರ್ಮಿನ್ನೂ ಅದ್ದಿದ. "ಈಗ ನೀವೂ ನಾವೂ ಒಂದೇ ಬಣ್ಣ, ಅಕ್ಕ," ಎಂದು ಹಲ್ಲುಕಿರಿದ. ಅವಳು ಖಾಲಿ ಬಟ್ಟಲು ಎತ್ತಿಕೊಂಡು ಮನೆಗೆ ನಡೆದಳು.

ಊರಮುಖ್ಯ ಗೆದ್ದ. ಬೇಸಿಗೆಯಲ್ಲಿ ಕೊಳಕ್ಕೆ ಮಣ್ಣು ಬಿತ್ತು, ಹಂಡೆಗಳು ಬೋರಲಾದವು.

ಮುಂದಿನ ಚುನಾವಣೆಗೆ ಸುಕರ್ಸಿ ಅದೇ ಕೆಬಾಯ ತೊಟ್ಟು ಬಂದಳು. ದರ್ಸೊನೊ ಅವಳ ಎರಡೂ ಕೈ ತಿರುಗಿಸಿ ನೋಡಿದ. ಉಗುರುಗಳು ಬೆಳ್ಳಗಿದ್ದವು.

"ಈ ಸಲ ಸರಿಯಿದೆ ಅಕ್ಕ," ಎಂದ. "ಒಳಗೆ ಹೋಗಿ."